ಕೊಳೆತ ದೋಣಿ ನೆಲವನ್ನು ಮನೆಯಲ್ಲೇ ಹೊಸದಾಗಿ ಹಾಕುವುದು



ರಾಗಿ, ಅವರೆ, ರೇಷ್ಮೆ ಅಂತ ಮಾತನಾಡುವ ಕೃಷಿ ಇಲಾಖೆಯವನಿಗೆ ದೋಣಿಯ ಗೊಡವೆ ಯಾಕೆ ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಈ ಗೊಡವೆ ನಾನಾಗಿ ಹಚ್ಚಿಕೊಂಡದ್ದಲ್ಲ. ನಾನೇ ಕೊಟ್ಟ ಒಂದು ತಪ್ಪು ಸಲಹೆಯಿಂದ ಬಂದದ್ದು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಕುದೂರು ಹೋಬಳಿಯ ಒಂದು ಕೆರೆಯಲ್ಲಿ ಮೀನು ಹಿಡಿಯುವವರು ಹಳೆಯ ಫೈಬರ್ ದೋಣಿಯೊಂದನ್ನು ಕಡಿಮೆ ಬೆಲೆಗೆ ತಂದಿದ್ದರು. ಹಿಂದೆ ಎಲ್ಲೋ ಮೋಟಾರು ಕಟ್ಟಿ ಜನರನ್ನು ಸುತ್ತಾಡಿಸುತ್ತಿದ್ದ ದೋಣಿ. ಹೊರಮೈ ಗಟ್ಟಿಯಾಗಿತ್ತು. ನಿಲ್ಲುವ ನೆಲ ಮಾತ್ರ ಅಲ್ಲಲ್ಲಿ ಮೆತ್ತಗೆ, ಕಾಲಿಟ್ಟರೆ ಕುಸಿಯುವಂತಿತ್ತು. "ಏನ್ ಮಾಡೋದು ಸ್ವಾಮಿ?" ಅಂತ ಕೇಳಿದರು. "ಮೇಲೊಂದು ಪ್ಲೈವುಡ್ ಹಲಗೆ ಹಾಕಿ ತಿರುಪು ಬಿಗಿದುಬಿಡಿ, ಸಾಕು" ಅಂದೆ. ಬಿಗಿದರು. ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಮರುವರ್ಷ ಬಲೆ ಎಳೆಯುವಾಗ, ನಿಂತಿದ್ದವರ ಕಾಲಡಿಯಲ್ಲಿ ಹಳೆಯದೂ ಹೊಸದೂ ಎರಡೂ ಒಟ್ಟಿಗೆ ಮುರಿದು, ಕಾಲು ತೊಡೆಯವರೆಗೆ ಒಳಗೆ ಹೋಯಿತು. ದೋಣಿ ವಾಲಿತು, ಇಬ್ಬರು ನೀರಿಗೆ ಬಿದ್ದರು. ಸೊಂಟದುದ್ದ ನೀರು, ಬದುಕಿಕೊಂಡರು. ಹಿಂದಿನ ದಿನ ಅದೇ ದೋಣಿ ತೂಬಿನ ಹತ್ತಿರದ ಆಳದಲ್ಲಿತ್ತು.

ಆ ನೆಲವನ್ನು ಆಮೇಲೆ ನಾವೆಲ್ಲ ಸೇರಿ ಕಿತ್ತೆವು. ನಾನು ಹೇಳಿ ಹಾಕಿಸಿದ ಹಲಗೆಯ ಕೆಳಮೈ ಕಪ್ಪಾಗಿತ್ತು. ಅದರಡಿಯ ಹಳೆ ಹಲಗೆ ನೆನೆದ ಹೊಟ್ಟಿನ ಹಾಗೆ ಕೈಗೆ ಬಂತು. ಒಳಗಿನ ಫೋಮು ಹಿಂಡಿದರೆ ನೀರು ಸುರಿಯಿತು. ಕಿತ್ತ ಕಸವನ್ನು ಮೀನು ತೂಗುವ ತಕ್ಕಡಿಗೆ ಹಾಕಿದೆವು: ಒಬ್ಬ ಆಳಿಗಿಂತ ಹೆಚ್ಚು ತೂಗಿತು. ಅಷ್ಟು ದಿನವೂ ಆ ದೋಣಿ ಕಣ್ಣಿಗೆ ಕಾಣದ ಒಬ್ಬ ಮನುಷ್ಯನನ್ನು ಹೊತ್ತು ತಿರುಗಿತ್ತು ಅಂತಾಯಿತು.

ನಮ್ಮ ಹರಿಗೋಲಿನಲ್ಲಿ ಈ ಮೋಸವಿಲ್ಲ. ಕನಕಪುರ ತಾಲ್ಲೂಕಿನ ಸಂಗಮದಲ್ಲಿ, ಅರ್ಕಾವತಿ ಕಾವೇರಿಯನ್ನು ಸೇರುವಲ್ಲಿ, ತಾವು ಹರಿಗೋಲು ನೋಡಿರಬಹುದು. ಬಿದಿರಿನ ಹೆಣಿಗೆ ಕಣ್ಣೆದುರೇ ಇರುತ್ತದೆ. ಒಂದು ದಬ್ಬೆ ಹೋದರೆ ಅವತ್ತೇ ಕಾಣುತ್ತದೆ. ಫೈಬರ್ ದೋಣಿಯದು ಹಾಗಲ್ಲ. ಹೊರಗೆ ಗಾಜುನಾರು ಮತ್ತು ರೆಸಿನ್ ಸೇರಿಸಿ ಮಾಡಿದ ಚಿಪ್ಪು. ಅದರೊಳಗೆ ಮುಂದಿನಿಂದ ಹಿಂದಕ್ಕೆ ಎರಡೋ ಮೂರೋ ಮರದ ತೊಲೆ. ತೊಲೆಗಳ ನಡುವೆ ತೇಲುವುದಕ್ಕೆಂದು ಫೋಮು. ಇವೆಲ್ಲದರ ಮೇಲೆ ಪ್ಲೈವುಡ್ ನೆಲ, ಅದರ ಮೇಲೆ ಮತ್ತೆ ತೆಳ್ಳನೆಯ ಫೈಬರ್ ಪದರ. ರೋಗ ಬಂದರೆ ಎರಡು ಪದರದ ನಡುವೆ ಬರುತ್ತದೆ.

ನೆಲ ಎಂದರೆ ಬರೀ ಕಾಲಿಡುವ ಹಲಗೆ ಎಂದುಕೊಂಡಿದ್ದೇ ನನ್ನ ತಪ್ಪು. ಒಂದು ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಒಳಗಿನ ತಟ್ಟೆ ತೆಗೆದು ಹೊರಕವಚವನ್ನು ಬೆರಳಲ್ಲಿ ಅದುಮಿ, ಚಪ್ಪಟೆಯಾಗುತ್ತದೆ. ತಟ್ಟೆ ಸೇರಿಸಿ ಅದುಮಿ, ಬಗ್ಗುವುದಿಲ್ಲ. ದೋಣಿಯ ಚಿಪ್ಪು ಆ ಕವಚ, ತೊಲೆ ಮತ್ತು ನೆಲ ಆ ತಟ್ಟೆ. ನೆಲ ಚಿಪ್ಪಿಗೆ ಸುತ್ತಲೂ ಅಂಟಿಕೊಂಡಿದ್ದರೆ ಮಾತ್ರ ದೋಣಿಗೆ ಬಲ. ಮೇಲೆ ತಿರುಪು ಬಿಗಿದ ಹಲಗೆ ಆ ಬಲ ಕೊಡಲಾರದು. ಅಷ್ಟೇ ಅಲ್ಲ, ಬಿಗಿದ ಒಂದೊಂದು ತಿರುಪೂ ನೀರು ಇಳಿಯುವುದಕ್ಕೆ ಒಂದೊಂದು ದಾರಿ.

ಇನ್ನು ನೀರು ಎಲ್ಲಿಂದ ಬಂತು? ಕೆರೆಯಿಂದ ಎಂದು ಎಲ್ಲರೂ ಹೇಳುತ್ತಾರೆ. ಬಹುಮಟ್ಟಿಗೆ ಅದು ಮೇಲಿನಿಂದ ಬಿದ್ದ ಮಳೆನೀರು. ಬೇಲಿಯ ಗೂಟವನ್ನು ತಾವು ಕಿತ್ತು ನೋಡಿದ್ದೀರಿ. ಕೊಳೆತಿರುವುದು ಮಣ್ಣಿನ ಮಟ್ಟದಲ್ಲಿ. ಆಳದಲ್ಲಿರುವ ತುದಿಯೂ ಗಾಳಿಯಲ್ಲಿರುವ ತುದಿಯೂ ಅಷ್ಟು ಬೇಗ ಹೋಗುವುದಿಲ್ಲ. ಮರ ತಿನ್ನುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಸದಾ ನೀರಲ್ಲೇ ಮುಳುಗಿದ ಮರಕ್ಕೆ ಗಾಳಿ ಇಲ್ಲ. ತೇವ ನೂರಕ್ಕೆ 20ಕ್ಕಿಂತ ಕಡಿಮೆ ಇರುವ ಒಣಮರದಲ್ಲಿ ಅದಕ್ಕೆ ನೀರು ಸಾಲದು. ದೋಣಿಯ ನೆಲದಡಿಯಲ್ಲಿ ಎರಡೂ ಇವೆ, ಜೊತೆಗೆ ಬಿಸಿಲಿನ ಕಾವು. ಸಿಹಿನೀರು ಉಪ್ಪುನೀರಿಗಿಂತ ಈ ಶಿಲೀಂಧ್ರಕ್ಕೆ ಹೆಚ್ಚು ಇಷ್ಟ. ಆದ್ದರಿಂದ ಕೆರೆ ಏರಿಯ ಮೇಲೆ ಬಾಯಿ ಮೇಲಾಗಿ ಮಳೆಗೆ ಬಿಟ್ಟ ದೋಣಿ ನಿಂತಲ್ಲೇ ಕೊಳೆಯುತ್ತದೆ.

ಪರೀಕ್ಷೆ ಸುಲಭ. ಸುತ್ತಿಗೆಯ ಹಿಡಿಯಿಂದ ಗೇಣು ಗೇಣಿಗೂ ನೆಲವನ್ನು ತಟ್ಟುತ್ತಾ ಹೋಗಿ. ಒಳ್ಳೆಯ ಜಾಗದಲ್ಲಿ ಟಣ್ ಅನ್ನುತ್ತದೆ, ಕೊಳೆತಲ್ಲಿ ದಬ್ ಅನ್ನುತ್ತದೆ. ಅನುಮಾನವಿದ್ದಲ್ಲಿ ಸಣ್ಣ ಬೈರಿಗೆ ಇಳಿಸಿ ಬಂದ ಪುಡಿ ನೋಡಿ. ತಿಳಿಬಣ್ಣದ ಒಣಪುಡಿ ಬಂದರೆ ಮರ ಕ್ಷೇಮ. ಕಪ್ಪಾಗಿ ಒದ್ದೆಯಾಗಿ ಬೈರಿಗೆಗೆ ಮೆತ್ತಿಕೊಂಡರೆ ಹೋಯಿತು ಅಂತಲೇ ತಿಳಿಯಿರಿ. ಇದೇ ಪರೀಕ್ಷೆಯನ್ನು ಮೋಟಾರು ಕೂರುವ ಹಿಂಬದಿಯ ಗೋಡೆಗೂ ಮಾಡಬೇಕು. ಅದರೊಳಗೂ ಮರವಿದೆ. ಅದು ಕೊಳೆತಿದ್ದರೆ ಮನೆಯಲ್ಲಿ ಕೈಹಾಕಬೇಡಿ, ದೋಣಿ ಕಟ್ಟುವವರನ್ನೇ ಕರೆಸಿ. ಮೋಟಾರಿನ ಎಳೆತವೆಲ್ಲ ಅಲ್ಲೇ ಬೀಳುವುದು.

ಕೆಲಸಕ್ಕೆ ಕಾಲ ಯಾವುದು? ಶಿವರಾತ್ರಿ ಕಳೆದ ಮೇಲೆ, ಭರಣಿ ಮಳೆಗೆ ಮುಂಚೆ. ಕೆರೆಯಲ್ಲಿ ನೀರೂ ಕಡಿಮೆ, ಗಾಳಿಯೂ ಒಣ. ದೋಣಿಯನ್ನು ನೆರಳಿಗೆ ತಂದು, ತಳದ ಆಕಾರಕ್ಕೆ ಸರಿಯಾಗಿ ಮರಳು ತುಂಬಿದ ಗೋಣಿಚೀಲಗಳ ಮೇಲೆ ಕೂರಿಸಿ. ಎರಡು ಕಲ್ಲಿನ ಮೇಲೆ ಇಟ್ಟರೆ, ನೆಲ ಬಿಚ್ಚಿದ ಕೂಡಲೇ ಚಿಪ್ಪು ಸೊಟ್ಟಗಾಗುತ್ತದೆ. ಸೊಟ್ಟಗಾದ ಮೇಲೆ ಹೊಸ ನೆಲ ಅಂಟಿಸಿದರೆ ಆ ಸೊಟ್ಟೇ ಖಾಯಂ.

ಕುಯ್ಯುವ ಮುಂಚೆ ಅಳತೆ. ನೆಲದ ಅಗಲ, ತೊಲೆಗಳ ಎತ್ತರ, ಅಂಚಿನಿಂದ ನೆಲಕ್ಕಿರುವ ಆಳ, ಎಲ್ಲ ಬರೆದಿಟ್ಟುಕೊಳ್ಳಿ. ಆಮೇಲೆ ಗೋಡೆಯಿಂದ ಎರಡು ಅಂಗುಲ ಬಿಟ್ಟು ಸುತ್ತಲೂ ಕುಯ್ಯಿರಿ. ಗರಗಸದ ಅಲಗನ್ನು ನೆಲದ ದಪ್ಪದಷ್ಟೇ ಇಳಿಯುವಂತೆ ಕಟ್ಟಿಕೊಳ್ಳಬೇಕು, ಅದರಡಿಯಲ್ಲೇ ಹೊರಚಿಪ್ಪು ಇದೆ. ಬಿಟ್ಟ ಅಂಚನ್ನು ಉಳಿಯಿಂದಲೂ ಗ್ರೈಂಡರಿನಿಂದಲೂ ನಿಧಾನವಾಗಿ ತೆಗೆಯಿರಿ. ಈ ಧೂಳು ಗಾಜಿನ ಧೂಳು. ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮುಖಕವಚ, ಮೈತುಂಬ ಬಟ್ಟೆ ಇರಲಿ. ಟವೆಲ್ ಕಟ್ಟಿಕೊಂಡರೆ ಸಾಲದು. ಮೈ ಕಡಿದರೆ ತಣ್ಣೀರಿನಲ್ಲಿ ತೊಳೆಯಿರಿ.

ಒದ್ದೆ ಫೋಮನ್ನು ಪೂರ್ತಿ ತೆಗೆಯಿರಿ. ಒಣಗುತ್ತದೆ ಎಂದು ಬಿಡಬೇಡಿ, ಒಣಗುವುದಿಲ್ಲ. ತೊಲೆಗಳನ್ನು ದಬ್ಬಳದಿಂದ ಚುಚ್ಚಿ ನೋಡಿ. ಕೆಟ್ಟಿದ್ದರೆ ಎಲ್ಲವನ್ನೂ ಒಟ್ಟಿಗೆ ಕೀಳದೆ, ಒಂದನ್ನು ಕಿತ್ತು, ಅದೇ ಎತ್ತರದ ಹೊಸದನ್ನು ಕೂರಿಸಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಇಷ್ಟಾದ ಮೇಲೆ ದೋಣಿ ಒಣಗಬೇಕು. ಒಂದು ದಿನ ಎರಡು ದಿನ ಅಲ್ಲ, ವಾರಗಟ್ಟಲೆ. ಇಲ್ಲಿ ಅವಸರ ಮಾಡುವವರೇ ಹೆಚ್ಚು. ಹಸಿ ರಾಗಿಯನ್ನು ಹಗೇವಿಗೆ ತುಂಬಿ ಬಾಯಿ ಮುಚ್ಚಿದರೆ ಏನಾಗುತ್ತದೋ, ಹಸಿ ಮರದ ಮೇಲೆ ರೆಸಿನ್ ಬಳಿದರೂ ಅದೇ.

ಹಲಗೆಗೆ ಐ.ಎಸ್. 710 ಎಂಬ ಗುರುತಿರುವ ಮೆರೈನ್ ಪ್ಲೈವುಡ್ ಕೇಳಿ ತನ್ನಿ. ಸಾಮಾನ್ಯ ಸಣ್ಣ ದೋಣಿಗೆ 12 ಮಿಲಿಮೀಟರ್ ದಪ್ಪದ್ದು ಆಗುತ್ತದೆ. ಹಳೆಯದು ಇನ್ನೂ ದಪ್ಪವಿದ್ದರೆ ಅಷ್ಟೇ ದಪ್ಪದ್ದು ಬೇಕು. ಮೆರೈನ್ ಎಂದ ಮಾತ್ರಕ್ಕೆ ಅದು ಕೊಳೆಯುವುದಿಲ್ಲ ಎಂದಲ್ಲ. ಅದರ ಅಂಟು ನೀರಿಗೆ ಬಿಡುವುದಿಲ್ಲ, ಮರ ಮರವೇ. ರಟ್ಟಿನಲ್ಲಿ ನಮೂನೆ ಕತ್ತರಿಸಿ, ದೋಣಿಯೊಳಗೆ ಕೂರಿಸಿ ಸರಿಮಾಡಿಕೊಂಡು, ಆಮೇಲೆ ಹಲಗೆಯ ಮೇಲೆ ಗೆರೆ ಎಳೆಯಿರಿ. ರಟ್ಟು ಕೆಟ್ಟರೆ ನಷ್ಟವಿಲ್ಲ.

ಈಗ ರೆಸಿನ್ ವಿಷಯ. ದಯವಿಟ್ಟು ಇದನ್ನು ಎರಡು ಸಲ ಓದಿ. ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ರೆಸಿನ್ ಜೊತೆಗೆ ಎಷ್ಟೋ ಕಡೆ ಎರಡು ಸಣ್ಣ ಸೀಸೆ ಕೊಡುತ್ತಾರೆ. ಒಂದು ನೇರಳೆ ಬಣ್ಣದ ಕೋಬಾಲ್ಟ್, ಇನ್ನೊಂದು ನೀರಿನಂತಿರುವ ಕ್ಯಾಟಲಿಸ್ಟ್. ಇವೆರಡನ್ನು ನೇರವಾಗಿ ಒಂದಕ್ಕೊಂದು ಎಂದಿಗೂ ಬೆರೆಸಕೂಡದು. ಬೆರೆಸಿದರೆ ಹೊತ್ತಿಕೊಳ್ಳುತ್ತದೆ, ಸಿಡಿಯುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ. ಅದು ಪೂರ್ತಿ ಬೆರೆತ ಮೇಲೆಯೇ ಕ್ಯಾಟಲಿಸ್ಟ್. ಎರಡಕ್ಕೂ ಒಂದೇ ಅಳತೆ ಲೋಟ ಬಳಸಬೇಡಿ. ಕೋಬಾಲ್ಟ್ ಮೊದಲೇ ಸೇರಿಸಿದ ರೆಸಿನ್ ಸಿಕ್ಕರೆ ಅದನ್ನೇ ತನ್ನಿ ಎನ್ನುವುದು ನನ್ನ ಸಲಹೆ. ಕ್ಯಾಟಲಿಸ್ಟ್ ಕಣ್ಣಿಗೆ ಹಾರಿದರೆ ದೃಷ್ಟಿ ಹೋಗಬಹುದು. ಆ ಕ್ಷಣವೇ ಕಾಲು ಗಂಟೆಯಾದರೂ ಧಾರೆಯಾಗಿ ಶುದ್ಧ ನೀರು ಬಿಟ್ಟು, ಆಸ್ಪತ್ರೆಗೆ ಹೋಗಬೇಕು. ಅದನ್ನು ಸೋಡಾ ಸೀಸೆಗೆ ಬಗ್ಗಿಸಿಡುವ ಅಭ್ಯಾಸ ಬೇಡ, ಮನೆಯಲ್ಲಿ ಮಕ್ಕಳಿರುತ್ತಾರೆ.

ಅಳತೆ ಸಾಮಾನ್ಯವಾಗಿ ಒಂದು ಕಿಲೋ ರೆಸಿನ್‌ಗೆ 10ರಿಂದ 20 ಮಿಲಿಲೀಟರ್ ಕ್ಯಾಟಲಿಸ್ಟ್. ಬಿಸಿಲಿನ ದಿನ ಕಡಿಮೆ, ತಂಪಿನ ದಿನ ಹೆಚ್ಚು. ಡಬ್ಬದ ಮೇಲೆ ಬರೆದದ್ದೇ ಕೊನೆಯ ಮಾತು. ಹುಳು ಮನೆಗೆ ಸೋಂಕುನಿವಾರಕ ಅಳೆದು ಹಾಕುವ ನಿಮಗೆ ಇದು ಕಷ್ಟವೇನಲ್ಲ. ಒಂದು ಸಲಕ್ಕೆ ಅರ್ಧ ಕಿಲೋ ಮೀರಿ ಕಲಸಬೇಡಿ, ಬೆಳಗಿನ ತಂಪಿನಲ್ಲಿ ಬಯಲು ಗಾಳಿಯಲ್ಲಿ ಮಾಡಿ. ಬೀಡಿ, ಒಲೆ ಹತ್ತಿರ ಇರಕೂಡದು. ಮಿಕ್ಕ ರೆಸಿನ್ ಡಬ್ಬದಲ್ಲೇ ಉಳಿದರೆ ತಾನೇ ಕಾದು ಹೊಗೆಯಾಡುತ್ತದೆ. ತಗಡಿನ ಮೇಲೆ ತೆಳ್ಳಗೆ ಹರಡಿ ಬರೀ ನೆಲದಲ್ಲಿಡಿ, ಹುಲ್ಲಿನ ಬಣವೆಯಿಂದ ದೂರ.

ಎಪಾಕ್ಸಿ ಎಂಬ ಇನ್ನೊಂದು ಜಾತಿಯ ರೆಸಿನ್ ಇದೆ. ಮರಕ್ಕೆ ಅದು ಹೆಚ್ಚು ಬಿಗಿಯಾಗಿ ಅಂಟುತ್ತದೆ, ಬೆಲೆಯೂ ಹೆಚ್ಚು. ಕೈಯಲ್ಲಿ ಕಾಸಿದ್ದರೆ ಅದೇ ಲೇಸು. ಆದರೆ ಅದರ ಹಾರ್ಡ್‌ನರಿನ ಅಳತೆಯನ್ನು ಹೆಚ್ಚುಕಡಿಮೆ ಮಾಡುವ ಹಾಗಿಲ್ಲ. ಪುಡಿ ಅಂಟಿನ ಫೈಬರ್ ಮ್ಯಾಟ್ ಅದರಲ್ಲಿ ಸರಿಯಾಗಿ ನೆನೆಯುವುದಿಲ್ಲ, ನೇಯ್ದ ಗಾಜುಬಟ್ಟೆ ಬಳಸಬೇಕು. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಚೆನ್ನಾಗಿ ಹಿಡಿಯದು. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೂ ಅದರಲ್ಲೇ ಮುಗಿಸಿ.

ಹಲಗೆಯ ಕೆಳಮೈ, ಮೇಲ್ಮೈ, ಮುಖ್ಯವಾಗಿ ನಾಲ್ಕು ಅಂಚು, ಎಲ್ಲಕ್ಕೂ ಕೂರಿಸುವ ಮುಂಚೆಯೇ ರೆಸಿನ್ ಕುಡಿಸಬೇಕು. ಅಂಚು ಎಂದರೆ ಹುಲ್ಲಿನ ಕಟ್ಟಿನ ಕೊಯ್ದ ತುದಿ ಇದ್ದ ಹಾಗೆ, ನೀರು ಹೀರುವುದೇ ಅಲ್ಲಿ. ಕೊಚ್ಚಿಯಲ್ಲಿ 1957ರಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ರಬ್ಬರ್ ಮರ, ತೆಂಗಿನ ಮರದಂಥ ಬಾಳಿಕೆ ಕಡಿಮೆಯ ಮರದಲ್ಲೂ ದೋಣಿ ಮಾಡಿ ತೋರಿಸಿದ್ದಾರೆ. ಮರವನ್ನು ಔಷಧದಿಂದ ಸಂಸ್ಕರಿಸಿ, ಮೇಲೆ ಫೈಬರ್ ಹೊದಿಸುವುದು ಅವರ ಕ್ರಮ. ಹೊದಿಕೆಯಲ್ಲಿ ತೂತಿಲ್ಲದಿದ್ದರೆ ಬಡ ಮರವೂ ಬಾಳುತ್ತದೆ.

ಫೋಮು ತೆಗೆದು ದೋಣಿ ಹಗುರವಾಯಿತು ಎಂದು ಖಾಲಿ ಬಿಡಬೇಡಿ. ಒಂದು ಘನ ಅಡಿ ಒಣ ಫೋಮು ಮುಳುಗುವ ದೋಣಿಯನ್ನು ಸುಮಾರು 27 ಕಿಲೋದಷ್ಟು ಮೇಲಕ್ಕೆ ಎತ್ತಿಹಿಡಿಯುತ್ತದೆ. ನೀರು ಹೀರದ ಪಾಲಿಯುರೆಥೇನ್ ಫೋಮು ಹಾಕಿ. ಅಗ್ಗವೆಂದು ಥರ್ಮೋಕೋಲ್ ಹಾಕಿದರೆ ಪಾಲಿಯೆಸ್ಟರ್ ರೆಸಿನ್ ತಗುಲಿದ ಕೂಡಲೇ ಅದು ಬೆಲ್ಲದಂತೆ ಕರಗಿಹೋಗುತ್ತದೆ. ಫೋಮಿನ ಕೆಳಗೆ, ತಳದ ನಡುಗೆರೆಯಲ್ಲಿ, ನೀರು ಹಿಂದಕ್ಕೆ ಹರಿದು ಹೋಗುವಂತೆ ಕಾಲುವೆ ಬಿಡಬೇಕು.

ಅಂಟಿಸುವ ಜಾಗವನ್ನೆಲ್ಲ ಹೊಳಪು ಹೋಗುವವರೆಗೆ ಉಜ್ಜಿ, ಅಸಿಟೋನಿನಿಂದ ಒರೆಸಿ. ರೆಸಿನ್‌ಗೆ ಅದರದೇ ಪುಡಿ ಸೇರಿಸಿ ಗಟ್ಟಿ ಚಟ್ನಿಯ ಹದಕ್ಕೆ ತಂದು, ತೊಲೆಗಳ ಮೇಲೆ ಹಚ್ಚಿ ಹಲಗೆ ಕೂರಿಸಿ, ಮೇಲೆ ಮರಳಿನ ಚೀಲ ಹೇರಿ. ಗಟ್ಟಿಯಾದ ಮೇಲೆ ಗೋಡೆ ಸೇರುವ ಮೂಲೆಗಳಿಗೆ ಅದೇ ಚಟ್ನಿ ತುಂಬಿ ದುಂಡಗೆ ಮಾಡಿ. ಆ ಮೂಲೆಯ ಮೇಲೆ ನಾಲ್ಕು, ಆರು, ಎಂಟು ಅಂಗುಲ ಅಗಲದ ಮೂರು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ. ಕೊನೆಗೆ ಇಡೀ ನೆಲಕ್ಕೆ ಎರಡು ಪದರ. ಉರುಳೆಯಿಂದ ಗಾಳಿಗುಳ್ಳೆ ಒತ್ತಿ ತೆಗೆಯಿರಿ. ಬೆಳ್ಳಗೆ ಕಂಡ ಜಾಗದಲ್ಲಿ ಗಾಳಿ ಉಳಿದಿದೆ ಎಂದು ಅರ್ಥ.

ಆಸನಕ್ಕೆ ತಿರುಪು ಬೇಕೇ ಬೇಕೆಂದರೆ, ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಗಟ್ಟಿ ರೆಸಿನ್ ತುಂಬಿ, ಅದು ಕಲ್ಲಾದ ಮೇಲೆ ಅದರ ನಡುವೆ ತಿರುಪಿನ ತೂತು ಕೊರೆಯಿರಿ. ತಿರುಪು ಮರವನ್ನು ಮುಟ್ಟಬಾರದು.

ಒಂದು ವಾರ ಬಿಟ್ಟು ಮೊಣಕಾಲುದ್ದ ನೀರಿನಲ್ಲಿ, ಹೊರುವ ಜನ ಮತ್ತು ಮೀನಿನ ತೂಕದಷ್ಟು ಮರಳುಚೀಲ ಹೇರಿ, ಒಂದು ಹಗಲು ನಿಲ್ಲಿಸಿ ನೋಡಿ. ನೆಲವನ್ನು ಮತ್ತೆ ತಟ್ಟಿ ಕೇಳಿ. ಬಲೆಗೆ ಇಳಿಯುವಾಗ ಪ್ರತಿಯೊಬ್ಬರಿಗೂ ತೇಲುವ ಅಂಗಿ ಇರಲಿ, ಈಜು ಬಲ್ಲವರಿಗೂ. ದಡಕ್ಕೆ ತಂದ ಮೇಲೆ ಹಿಂಬದಿಯ ಬಿರಡೆ ತೆಗೆದು, ಮೂತಿ ಎತ್ತರಿಸಿ ನಿಲ್ಲಿಸಿ. ಟಾರ್ಪಾಲು ಹೊದಿಸುವಾಗ ನಡುವೆ ಒಂದು ಬಿದಿರು ಕೊಟ್ಟು ಗಾಳಿಯಾಡಲು ಜಾಗ ಬಿಡಿ. ನಮ್ಮ ಕೆರೆಯವರು ಬಿರಡೆ ಕಳೆದುಹೋಗದಂತೆ ಒಂದು ದಾರದಲ್ಲಿ ಕಟ್ಟಿ, ಆ ದಾರವನ್ನು ಹುಟ್ಟಿಗೆ ಗಂಟು ಹಾಕಿಟ್ಟಿದ್ದಾರೆ. ಹುಟ್ಟು ಕೈಗೆತ್ತಿಕೊಂಡವರಿಗೆ ಬಿರಡೆ ಹಾಕುವುದು ಮರೆಯುವುದಿಲ್ಲ.