ಉಪ್ಪು, ಪಟಿಕ, ಮೈಲುತುತ್ತ: ಸೊಳ್ಳೆಮರಿಗೆ ಯಾವುದು ಸರಿ?

ಮಕ್ಕಳ ಮನೆಯಲ್ಲಿ ಐದಾರು ತಿಂಗಳು ಇದ್ದು ನೀವು ಊರಿಗೆ ಮರಳುವಾಗ, ಬೀಗ ಹಾಕಿದ ಮನೆಯ ಸಂಪು, ಟ್ಯಾಂಕುಗಳಲ್ಲಿ ನೀರು ನಿಂತಿರುತ್ತದೆ. ನಮ್ಮ ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನ ಸಾಕು.

"ಒಂದು ಹಿಡಿ ಉಪ್ಪು ಹಾಕಿದರೆ ಸಾಯುವುದಿಲ್ಲವೇ?" ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಒಂದೊಂದಾಗಿ ನೋಡೋಣ.

ಕಲ್ಲುಪ್ಪು: ನೀರು ತುಂಬಾ ಉಪ್ಪಾದರೆ ಮರಿಗಳು ಸಾಯುತ್ತವೆ, ನಿಜ. ಆದರೆ 1000 ಲೀಟರ್ ಟ್ಯಾಂಕಿಗೆ ಒಂದು ಹಿಡಿ ಯಾವ ಲೆಕ್ಕಕ್ಕೂ ಇಲ್ಲ. ಸಾಕಾಗುವಷ್ಟು ಹಾಕಿದರೆ ಆ ನೀರು ಕುಡಿಯಲು ಬಾರದು. ಬಿಪಿ ಇರುವವರಿಗಂತೂ ಅಪಾಯ. ಇರುವೆ ಹತ್ತದಂತೆ ಕಪಾಟಿನ ಕಾಲಿನಡಿ ಇಡುವ ನೀರಿನ ಬಟ್ಟಲಿಗೆ ಮಾತ್ರ ಧಾರಾಳವಾಗಿ ಉಪ್ಪು ಹಾಕಿ.

ಪಟಿಕ: ಕದಡಿದ ನೀರನ್ನು ತಿಳಿ ಮಾಡಲು ಅಜ್ಜಿಯರು ಬಳಸುತ್ತಿದ್ದುದು ಇದೇ. ಪಟಿಕದ ನೀರಿನಲ್ಲಿ ಮರಿಗಳು ಸಾಯುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಆದರೆ ಮನೆಯಲ್ಲಿ ಅಳತೆ ತಿಳಿಯದೆ ಕುಡಿಯುವ ನೀರಿಗೆ ಹೆಚ್ಚು ಹಾಕಬೇಡಿ, ನೀರು ಹುಳಿಯಾಗುತ್ತದೆ.

ಮೈಲುತುತ್ತ: ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಸೇರಿಸಿ ಹೊಡೆಯುವ ನೀಲಿ ಹರಳು. ಇದು ವಿಷ. ಹೊಟ್ಟೆಗೆ ಹೋದರೆ ವಾಂತಿಯಾಗಿ, ಲಿವರ್, ಕಿಡ್ನಿ ಕೆಡಬಹುದು. ಬಾವಿಗೂ ಟ್ಯಾಂಕಿಗೂ ಬೇಡವೇ ಬೇಡ.

ಹಾಗಾದರೆ ದಾರಿ ಯಾವುದು? ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂದು ಮುಂದೆ ತೋರಿಸಿಕೊಟ್ಟ ರೊನಾಲ್ಡ್ ರಾಸ್, 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ಕಿಟಕಿಯ ಹೊರಗಿನ ಪೀಪಾಯಿಯ ನೀರು ಚೆಲ್ಲಿಸಿಯೇ ಸೊಳ್ಳೆ ಕಡಿಮೆ ಮಾಡಿಕೊಂಡಿದ್ದರು. ಇಂದಿಗೂ ಅದೇ ಮದ್ದು:

• ಹೊರಡುವ ಮೊದಲು ಡ್ರಮ್, ಬಕೆಟ್ ಬರಿದು ಮಾಡಿ ಬೋರಲು ಹಾಕಿ.
• ಸಂಪು, ಟ್ಯಾಂಕಿಗೆ ಸಂದಿಯಿಲ್ಲದ ಮುಚ್ಚಳ ಹಾಕಿ. ಗಾಳಿ ಕೊಳವೆಗೆ ಬಲೆ ಕಟ್ಟಿ.
• ಊರಿನಲ್ಲಿರುವಾಗ ವಾರಕ್ಕೊಮ್ಮೆ ಪಾತ್ರೆಗಳ ಒಳಬದಿ ಉಜ್ಜಿ, ಒಣಗಿಸಿ ತುಂಬಿಸಿ.
• ತೆರೆದ ಬಾವಿಗೆ ಗಪ್ಪಿ ಮೀನು ಬೇಕಾದರೆ ಆರೋಗ್ಯ ಇಲಾಖೆಯವರನ್ನು ಕೇಳಿ.

ಕೊನೆಯದಾಗಿ, ಮುಖ್ಯ ಮಾತು. ವೈವಾಕ್ಸ್ ಮಲೇರಿಯಾ ಲಿವರಿನಲ್ಲಿ ಅಡಗಿ, ತಿಂಗಳುಗಳ ನಂತರವೂ ಮರುಕಳಿಸಬಹುದು. ಇಲ್ಲಿ ಚಳಿಜ್ವರ ಬಂದರೆ "ವಯಸ್ಸಿನ ಸುಸ್ತು" ಎಂದು ಸುಮ್ಮನಿರಬೇಡಿ. ಅದೇ ದಿನ ಮಕ್ಕಳಿಗೆ ತಿಳಿಸಿ. ಡಾಕ್ಟರಿಗೆ "ನಾನು ಭಾರತದಿಂದ ಬಂದಿದ್ದೇನೆ, ಮಲೇರಿಯಾ ರಕ್ತಪರೀಕ್ಷೆ ಮಾಡಿ" ಎಂದು ನೀವೇ ಹೇಳಿ. ಇಲ್ಲಿನ ವೈದ್ಯರಿಗೆ ಅದು ತಟ್ಟನೆ ಹೊಳೆಯದಿರಬಹುದು.