ಮಾಸಿದ ದೋಣಿಗೆ ಮರಳಿ ಮೆರುಗು

ವೇದಸಂದೂರಿನ ಮಕ್ಕಳಿಗೆ ದೋಣಿಯೆಂದೊಡನೆ ನೆನಪಾಗುವುದು ಕೊಡೈಕಾನಲ್ ಸರೋವರ. ನಮ್ಮ ದಿಂಡುಕ್ಕಲ್ ಜಿಲ್ಲೆಯದೇ ಆದ ಆ ಕೆರೆಯನ್ನು 1863ರಲ್ಲಿ ಕಟ್ಟಿಸಿದವರು ಮಧುರೆಯ ಕಲೆಕ್ಟರರಾಗಿದ್ದ ವೀರ್ ಹೆನ್ರಿ ಲೆವಿಂಜ್. ಆ ಕಾಲದ ದೋಣಿಗಳು ಮರದವು. ಇಂದು ಕಾಲಿನಿಂದ ತುಳಿದು ನಡೆಸುವ ದೋಣಿಗಳು ಫೈಬರಿನವು. ಹೊಸದರಲ್ಲಿ ಕನ್ನಡಿಯಂತೆ ಹೊಳೆಯುವ ಫೈಬರ್ ದೋಣಿಯ ಮೈ ಕೆಲವೇ ವರ್ಷಗಳಲ್ಲಿ ಸುಣ್ಣ ಬಳಿದಂತೆ ಮಂಕಾಗುತ್ತದೆ. ಬೆರಳಾಡಿಸಿದರೆ ಬಿಳಿಯ ಪುಡಿ ಅಂಟುತ್ತದೆ.

ಇದು ಕೊಳೆಯಲ್ಲ, ಕಬ್ಬಿಣದ ತುಕ್ಕಿನಂಥದ್ದೂ ಅಲ್ಲ. ಗಾಜಿನ ನಾರಿನ ಮೇಲೆ ಬಣ್ಣ ಬೆರೆಸಿದ ರಾಳದ ತೆಳುವಾದ ಪದರವೊಂದಿರುತ್ತದೆ. ಅದಕ್ಕೆ ಜೆಲ್‌ಕೋಟ್ ಎಂದು ಹೆಸರು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಬಿಸಿಲಿನ ನೇರಳಾತೀತ ಕಿರಣಗಳೂ ಗಾಳಿಯ ಆಮ್ಲಜನಕವೂ ಸೇರಿ ಆ ರಾಳದ ಬಂಧಗಳನ್ನು ಮುರಿಯುತ್ತವೆ. ಬೆಟ್ಟದ ಮೇಲೆ ತಂಪಿದೆಯಲ್ಲ ಎಂದು ನೆಮ್ಮದಿಯಾಗಿರುವಂತಿಲ್ಲ. ಎತ್ತರಕ್ಕೆ ಹೋದಷ್ಟೂ ಆ ಕಿರಣಗಳು ತೀಕ್ಷ್ಣವಾಗುತ್ತವೆ.

ಉಜ್ಜುವ ಮುನ್ನ ಒದ್ದೆಬಟ್ಟೆಯಿಂದ ಒಂದೆಡೆ ಒರೆಸಿ ನೋಡಬೇಕು. ನೀರಿರುವಷ್ಟು ಹೊತ್ತು ಹಳೆಯ ಬಣ್ಣ ಮರಳಿದರೆ ಕೆಳಗೆ ಒಳ್ಳೆಯ ಪದರ ಉಳಿದಿದೆಯೆಂದು ತಿಳಿಯಬಹುದು. ನಾರಿನ ಹೆಣಿಗೆಯೇ ಕಾಣುತ್ತಿದ್ದರೆ ಉಜ್ಜುವುದು ವ್ಯರ್ಥ. ಹೊಸ ಪದರವನ್ನೇ ಹಚ್ಚಿಸಬೇಕು. ಪದರವು ಉಳಿದಿದ್ದರೆ ಮೊದಲು ಸಾಬೂನು ನೀರಿನಿಂದ ಚೆನ್ನಾಗಿ ತೊಳೆಯಬೇಕು. ಒಂದು ಮರಳಿನ ಕಣ ಉಳಿದರೂ ಮೈಯೆಲ್ಲ ಗೀರಾಗುತ್ತದೆ. ಆಮೇಲೆ ಅಂಗೈಯಗಲದ ಜಾಗದಲ್ಲಿ ನಯವಾದ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಪರೀಕ್ಷಿಸಬೇಕು. ಅದರಿಂದ ಸಾಲದಿದ್ದರೆ ಮಾತ್ರ 1000, 1500, 2000 ನಂಬರಿನ ವಾಟರ್ ಪೇಪರುಗಳನ್ನು ಅದೇ ಕ್ರಮದಲ್ಲಿ, ನೀರು ಬಿಡುತ್ತಾ ಉಜ್ಜಿ, ಮತ್ತೆ ಕಾಂಪೌಂಡಿಗೆ ಬರಬೇಕು. ಬಫಿಂಗ್ ಯಂತ್ರವನ್ನು ಒಂದೇ ಕಡೆ ನಿಲ್ಲಿಸಿದರೆ ರಾಳ ಕಾದು ಸುಡುತ್ತದೆ. ಮೂಗಿಗೆ ಮುಖಗವಸು ಇರಲಿ; ತೊಳೆದ ನೀರು ಕೆರೆಗೆ ಹರಿಯದಿರಲಿ. ಕೊನೆಗೆ ಮೇಣ ಹಚ್ಚಬೇಕು. ಅನೇಕರು ಇದನ್ನು ಅಲಂಕಾರವೆಂದು ಬಿಟ್ಟುಬಿಡುತ್ತಾರೆ. ವಾಸ್ತವವಾಗಿ ಮುಂದಿನ ಬಿಸಿಲನ್ನು ತಡೆಯುವುದು ಅದೇ. ಪ್ರತಿ ಸಲ ಉಜ್ಜಿದಾಗಲೂ ಆ ಅರ್ಧ ಮಿಲಿಮೀಟರಿನಲ್ಲಿ ಸ್ವಲ್ಪ ಸವೆಯುವುದರಿಂದ, ಹಬ್ಬಕ್ಕೆ ಹಿತ್ತಾಳೆ ಪಾತ್ರೆ ಬೆಳಗುವಂತೆ ವರ್ಷಕ್ಕೆ ನಾಲ್ಕು ಬಾರಿ ದೋಣಿಯನ್ನು ಬೆಳಗಲಾಗದು. ನೆರಳಿನಲ್ಲಿಡುವುದೇ ಅಗ್ಗದ ಉಪಾಯ.

ಹೊಳಪಿನ ಬಗ್ಗೆ ವಕೀಲನಾದ ನನಗೆ ಇನ್ನೊಂದು ಶಂಕೆಯಿದೆ. ಕಂಬಂ ಕಣಿವೆಯ ಮೇಲಣ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ಮಗುಚಿದ ‘ಜಲಕನ್ಯಕಾ’ ಫೈಬರಿನ ಹೊಸ ದೋಣಿಯೇ ಆಗಿತ್ತು. ಅಂದು 45 ಮಂದಿ ಪ್ರಾಣ ಕಳೆದುಕೊಂಡರು. ಮೆರುಗು ಬಿರುಕನ್ನೂ ಮುಚ್ಚೀತು, ಸಮತೋಲದ ದೋಷವನ್ನಂತೂ ತೋರಿಸದು. 1917ರ ಕಾಯಿದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ಜಲಯಾನಗಳ ಕಾಯಿದೆಯು ಯಂತ್ರಚಾಲಿತ ದೋಣಿಗಳಿಗೆ ತಪಾಸಣೆಯ ಪ್ರಮಾಣಪತ್ರವನ್ನೂ ನೋಂದಣಿಯನ್ನೂ ವಿಧಿಸಿದೆ. ಆದ್ದರಿಂದ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ತಂದೆತಾಯಂದಿರೂ ಗುರುಗಳೂ ದೋಣಿಯ ಮೈಯನ್ನು ನೋಡುವುದಕ್ಕಿಂತ ಜೀವರಕ್ಷಕ ಅಂಗಿಗಳನ್ನು ಎಣಿಸುವುದು ಲೇಸು. ದೋಣಿಯವರಿಗೂ ಒಂದು ಮಾತು: ಉಜ್ಜುವಾಗ ನೋಂದಣಿ ಸಂಖ್ಯೆಯೂ ಎಷ್ಟು ಜನ ಕೂರಬಹುದೆಂಬ ಬರಹವೂ ಅಳಿಸಿಹೋಗುವುದುಂಟು. ಮೇಣ ಹಚ್ಚುವ ಮೊದಲೇ ಅವನ್ನು ದಪ್ಪ ಅಕ್ಷರಗಳಲ್ಲಿ ಮತ್ತೆ ಬರೆಸಬೇಕು. ಮೇಣದ ಮೇಲೆ ಬಣ್ಣ ನಿಲ್ಲುವುದಿಲ್ಲ.