ಕೈಗೆಟುಕುವ ಡಿ.ಜೆ. ಪೆಟ್ಟಿಗೆ

“ಅಪ್ಪಾ, ಇಪ್ಪತ್ತು ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಡಿ.ಜೆ. ಸಾಮಾನು ಕೊಳ್ಳಲೇ?”

ಬಸವನಗುಡಿಯ ಮಧ್ಯಮ ವರ್ಗದ ಮನೆಯೊಂದರಲ್ಲಿ, ರಾತ್ರಿಯ ಊಟ ಮುಗಿದು ಅಡಿಕೆಲೆಯ ತಟ್ಟೆ ಕೈಗೆ ಬಂದ ಹೊತ್ತಿನಲ್ಲಿ, ಮಗ ಕೇಳಿದ ಪ್ರಶ್ನೆಯಿದು. ಹುಡುಗರಿಗೆ ಗಣಿತದ ಪಾಠ ಹೇಳಿ ಎರಡು ವರ್ಷ ಕೂಡಿಸಿದ ಹಣ. ತಂದೆಯ ಕಣ್ಣಿಗೆ ಮಾತ್ರ ಥಟ್ಟನೆ ಕಟ್ಟಿದ್ದು ಗಣೇಶನ ಮೆರವಣಿಗೆಯ ಲಾರಿ. ಅದರ ಮೇಲೆ ಆಳೆತ್ತರದ ಧ್ವನಿವರ್ಧಕಗಳು. ಎದೆಯ ಗೂಡನ್ನೇ ನಡುಗಿಸುವ ಸದ್ದು.

“ಲಾರಿ ಎಲ್ಲಿ ನಿಲ್ಲಿಸುತ್ತೀಯಪ್ಪ?” ಎಂದರು ಅವರು.

ತಂದೆಯ ತಪ್ಪೇನೂ ಇಲ್ಲ. ನಮ್ಮ ನಾಡಿನಲ್ಲಿ ‘ಡಿ.ಜೆ. ತರಿಸಿದ್ದಾರೆ’ ಎಂದರೆ ಮನುಷ್ಯನನ್ನು ಕರೆಸಿದ್ದಾರೆ ಎಂದು ಯಾರೂ ತಿಳಿಯುವುದಿಲ್ಲ. ಧ್ವನಿವರ್ಧಕಗಳ ರಾಶಿಯೇ ಡಿ.ಜೆ. ಎಂಬ ಅರ್ಥ ರೂಢವಾಗಿಬಿಟ್ಟಿದೆ. ಮೂಲದಲ್ಲಿ ಅದು ‘ಡಿಸ್ಕ್ ಜಾಕಿ’. ಡಿಸ್ಕ್ ಎಂದರೆ ಗ್ರಾಮಫೋನ್ ತಟ್ಟೆ. ಜಾಕಿ ಎಂದರೆ ಪಂದ್ಯದ ಕುದುರೆಯ ಸವಾರ. ಅಮೆರಿಕದ ರೇಡಿಯೋ ನಿಲಯಗಳಲ್ಲಿ ತಟ್ಟೆಗಳನ್ನು ಹಾಕುತ್ತ ನಡುನಡುವೆ ಮಾತನಾಡುವವನಿಗೆ ಆ ಹೆಸರು ಬಂದಿತು. 1952ರಲ್ಲಿ ರೇಡಿಯೋ ಸಿಲೋನಿನಿಂದ ‘ಬಿನಾಕಾ ಗೀತಮಾಲಾ’ ಆರಂಭಿಸಿದ ಅಮೀನ್ ಸಯಾನಿಯವರ ಕಂಠಕ್ಕಾಗಿ ವಾರವೆಲ್ಲ ಕಾದು ಕುಳಿತ ಹಿರಿಯರು ಅರಿಯದೆಯೇ ಒಬ್ಬ ಶ್ರೇಷ್ಠ ಡಿಸ್ಕ್ ಜಾಕಿಯ ಅಭಿಮಾನಿಗಳಾಗಿದ್ದರು. ಈ ಮಾತು ಹೇಳಿದರೆ ಎಷ್ಟೋ ಮನೆಗಳಲ್ಲಿ ಅರ್ಧ ವಿರೋಧ ಅಲ್ಲಿಗೇ ಕರಗೀತು.

ಆದರೆ ಇಂದಿನ ಹುಡುಗನ ಮನಸ್ಸಿನಲ್ಲಿರುವುದು ಹಾಡು ಹಾಕುವುದಷ್ಟೇ ಅಲ್ಲ. ಎರಡು ಹಾಡುಗಳನ್ನು ಲಯ ಕೆಡದಂತೆ ಬೆಸೆಯುವ ವಿದ್ಯೆ. ಅದನ್ನು ರೂಪಿಸಿದವರು ಸಿರಿವಂತರ ಮಕ್ಕಳಲ್ಲವೆಂಬುದನ್ನು ಸಾಮಾನು ಕೊಳ್ಳಹೊರಟವರು ಮೊದಲು ತಿಳಿಯಬೇಕು.

1973ರ ಆಗಸ್ಟ್ 11. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗ. ಸೆಡ್ಜ್‌ವಿಕ್ ಅವೆನ್ಯೂವಿನ 1520ನೆಯ ನಂಬರಿನ ಬಾಡಿಗೆ ಮನೆಗಳ ಕಟ್ಟಡ. ಶಾಲೆ ತೆರೆಯುವ ಮುನ್ನ ಹೊಸ ಉಡುಪು ಕೊಳ್ಳಲು ಹಣ ಬೇಕೆಂದು ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಅಲ್ಲಿನ ಸಾಮೂಹಿಕ ಕೊಠಡಿಯಲ್ಲಿ ಒಂದು ಸಂತೋಷಕೂಟ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು ಪ್ರವೇಶಧನ. ತಟ್ಟೆಗಳನ್ನು ಹಾಕುವ ಹೊಣೆ ಅಣ್ಣ ಕ್ಲೈವ್‌ನದು. ಜಮೈಕಾದಿಂದ ವಲಸೆ ಬಂದ ಕುಟುಂಬದ ಹದಿನೆಂಟರ ಹುಡುಗ. ಮುಂದೆ ಲೋಕ ಅವನನ್ನು ಕೂಲ್ ಹರ್ಕ್ ಎಂದು ಕರೆಯಿತು. ಧ್ವನಿವರ್ಧಕ ಅವನದಲ್ಲ, ತಂದೆಯದು. ಹಾಡಿನ ನಡುವೆ ಗಾಯನ ನಿಂತು ತಾಳವಾದ್ಯವಷ್ಟೇ ಉಳಿಯುವ ಘಳಿಗೆಗಾಗಿ ಕುಣಿಯುವವರು ಕಾಯುತ್ತಾರೆಂಬುದನ್ನು ಹರ್ಕ್ ಗಮನಿಸಿದ್ದ. ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಆರಂಭಿಸಿ, ಕೆಲವೇ ಕ್ಷಣಗಳ ಆ ತಾಳವನ್ನು ಬೇಕಾದಷ್ಟು ಹೊತ್ತು ಹಿಗ್ಗಿಸುವ ಉಪಾಯ ಅವನದು. ಹಿಪ್ ಹಾಪ್ ಸಂಗೀತದ ಹುಟ್ಟನ್ನು ಅನೇಕರು ಆ ಸಂಜೆಯಿಂದಲೇ ಎಣಿಸುತ್ತಾರೆ.

ಹರ್ಕ್‌ನ ಬೆನ್ನಿಗೆ ಬಂದ ಜೋಸೆಫ್ ಸ್ಯಾಡ್ಲರ್, ಅಂದರೆ ಗ್ರಾಂಡ್‌ಮಾಸ್ಟರ್ ಫ್ಲಾಶ್, ಇನ್ನೂ ರಸವತ್ತಾದ ವ್ಯಕ್ತಿ. ವೃತ್ತಿಶಿಕ್ಷಣ ಶಾಲೆಯಲ್ಲಿ ವಿದ್ಯುನ್ಮಾನ ಕಲಿಯುತ್ತಿದ್ದ ಈತ ಜನ ಬಿಸಾಡಿದ ರೇಡಿಯೋ ಮೊದಲಾದವನ್ನು ಬಿಚ್ಚಿ ಬಿಡಿಭಾಗಗಳನ್ನು ಸಂಗ್ರಹಿಸಿದ. ಅವನಿಗೆ ಎರಡು ಕಷ್ಟಗಳು ಎದುರಾದುವು. ಒಂದು, ತಟ್ಟೆಯ ಕೆಳಗಿನ ರಬ್ಬರು ಹಾಸು ಅದನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಯಂತ್ರ ತಿರುಗುತ್ತಿರುವಾಗ ತಟ್ಟೆಯನ್ನು ಮಾತ್ರ ಬೆರಳಿನಿಂದ ತಡೆದು ನಿಲ್ಲಿಸಲು ಆಗುತ್ತಿರಲಿಲ್ಲ. ತಾಯಿ ಹೊಲಿಗೆ ಬಲ್ಲವಳು. ಮಗ ಫೆಲ್ಟ್ ಬಟ್ಟೆ ತಂದು, ತಟ್ಟೆಯ ಅಳತೆಗೆ ದುಂಡಗೆ ಕತ್ತರಿಸಿ, ಗಂಜಿ ಹಾಕಿ, ಇಸ್ತ್ರಿ ಮಾಡಿ ಗಟ್ಟಿಗೊಳಿಸಿದ. ತಟ್ಟೆ ನಯವಾಗಿ ಜಾರತೊಡಗಿತು! ನಮ್ಮ ತಾತಂದಿರ ಪಂಚೆಗೆ ಬಿರುಸು ಕೊಟ್ಟ ಅದೇ ಗಂಜಿ, ಬ್ರಾಂಕ್ಸಿನಲ್ಲಿ ಹೊಸ ಸಂಗೀತವೊಂದಕ್ಕೆ ನೆಲ ಹಾಸಿತು. ಎರಡನೆಯ ಕಷ್ಟ, ಮುಂದಿನ ಹಾಡನ್ನು ಸಭೆಗೆ ಕೇಳಿಸುವ ಮೊದಲು ತಾನೊಬ್ಬನೇ ಕೇಳಿ ಅಣಿಮಾಡಿಕೊಳ್ಳುವುದು. ಅದಕ್ಕೆ ಅವನು ಒಂದು ಗುಂಡಿಯನ್ನು ಅಂಟಿನಿಂದ ಅಂಟಿಸಿ, ಹೆಡ್‌ಫೋನಿಗೆ ಬೇರೆ ದಾರಿ ಮಾಡಿಕೊಂಡ.

ಸಾಮಾನು ಕೊಳ್ಳುವ ಶಾಸ್ತ್ರವೆಲ್ಲ ಈ ಕಥೆಯಲ್ಲಿ ಅಡಗಿದೆ. ಕಲಿಯುವವನಿಗೆ ಬೇಕಾದ ಅನುಕೂಲಗಳು ಮೂರೇ: ಎರಡು ಹಾಡುಗಳನ್ನು ಬೇರೆಬೇರೆಯಾಗಿ ಕೈಯಲ್ಲಿ ಹಿಡಿಯುವುದು, ಅವುಗಳ ವೇಗವನ್ನು ಬದಲಿಸುವುದು, ಸಭೆಗೆ ಕೇಳಿಸದಂತೆ ಒಂದನ್ನು ಮೊದಲೇ ಕೇಳುವುದು. ಉಳಿದುದೆಲ್ಲ ಅಲಂಕಾರ.

ವೇಗದ ಮಾತು ಸ್ವಲ್ಪ ಬಿಡಿಸಿ ಹೇಳತಕ್ಕದ್ದು. ನಿಮಿಷಕ್ಕೆ 120 ಬಡಿತದ ಹಾಡೊಂದು ಮುಗಿಯುತ್ತ ಬಂದಿದೆ, ಮುಂದಿನದು 124ರದು. ಹಾಗೆಯೇ ಬೆರೆಸಿದರೆ ಕೆಲವೇ ಕ್ಷಣಗಳಲ್ಲಿ ಎರಡು ತಾಳಗಳೂ ಒಂದನ್ನೊಂದು ತುಳಿದು ಗದ್ದಲವಾಗುತ್ತದೆ. ಮೊದಲಿನದನ್ನು ಶೇಕಡಾ ಮೂರೂಕಾಲಿಗಿಂತ ತುಸು ಹೆಚ್ಚು ಚುರುಕುಗೊಳಿಸಬೇಕು. ಇಬ್ಬರು ಮೃದಂಗ ವಿದ್ವಾಂಸರು ಒಂದೇ ಕಾಲಪ್ರಮಾಣಕ್ಕೆ ಬಂದು ನಿಲ್ಲುವಂತೆ ಎರಡು ಹಾಡುಗಳನ್ನು ನಿಲ್ಲಿಸುವ ಕೆಲಸವಿದು. ಜಪಾನಿನ ಮತ್ಸುಶಿತ ಸಂಸ್ಥೆ ಟೆಕ್ನಿಕ್ಸ್ ಹೆಸರಿನಲ್ಲಿ 1972ರಲ್ಲಿ ತಂದ ಎಸ್‌ಎಲ್-1200 ಯಂತ್ರ ಡಿ.ಜೆ.ಗಳ ಕಣ್ಮಣಿಯಾದದ್ದು ಇದರಿಂದಲೇ. ರಬ್ಬರು ಪಟ್ಟಿಯ ಹಂಗಿಲ್ಲದೆ ಮೋಟರಿನಿಂದ ನೇರವಾಗಿ ತಿರುಗುವ ಅದರ ತಟ್ಟೆ ಕೈಬಿಟ್ಟೊಡನೆ ವೇಗಕ್ಕೆ ಬರುತ್ತಿತ್ತು. 1979ರ ಎರಡನೆಯ ಮಾದರಿಯಲ್ಲಿ ವೇಗವನ್ನು ಶೇಕಡಾ 8ರಷ್ಟು ಏರಿಸಿ ಇಳಿಸುವ ಜಾರುಪಟ್ಟಿಯೂ ಬಂದಿತು. ಇಂದಿನ ಪುಟ್ಟ ಪೆಟ್ಟಿಗೆಗಳ ಮೇಲೆ ಕಾಣುವ ಜಾರುಪಟ್ಟಿ ಅದರ ಮರಿಮಗುವೆಂದೇ ಹೇಳಬೇಕು.

ಇಲ್ಲೊಂದು ಎಚ್ಚರಿಕೆ. ತಾತನ ಕಾಲದ ಎಚ್.ಎಂ.ವಿ. ಫಿಯೆಸ್ಟಾ ಅಟ್ಟದ ಮೇಲಿದೆ, ಅದರಿಂದಲೇ ಆರಂಭಿಸೋಣ ಎಂಬ ಉತ್ಸಾಹ ಕೆಲವರಿಗೆ ಹುಟ್ಟುವುದುಂಟು. ಅದು ಕೂಡದು. ಅದು ಹಾಡು ಕೇಳಲು ಮಾಡಿದ ಯಂತ್ರ. ತಟ್ಟೆಯನ್ನು ಹಿಂದೆ ಮುಂದೆ ಎಳೆದರೆ ಯಂತ್ರವೂ ಹಾಳು, ಕಾಳಿಂಗರಾಯರ ತಟ್ಟೆಯೂ ಹಾಳು. ಹೊಸ ನೇರಚಾಲನೆಯ ಯಂತ್ರಗಳೆರಡನ್ನು ಕೊಳ್ಳುವುದಂತೂ ಇಪ್ಪತ್ತು ಸಾವಿರದವನ ಮಾತಲ್ಲ.

ಆದ್ದರಿಂದ ಈಗ ಅಲ್ಪ ಬಂಡವಾಳದವನ ದಾರಿ ಒಂದೇ: ‘ಕಂಟ್ರೋಲರ್’. ಎರಡು ದುಂಡು ಚಕ್ರಗಳು, ನಡುವೆ ಕೆಲವು ಜಾರುಪಟ್ಟಿಗಳು, ಒಂದಿಷ್ಟು ಗುಂಡಿಗಳು ಇರುವ ಹಗುರವಾದ ಪೆಟ್ಟಿಗೆ. ಸಾಮಾನ್ಯ ಕಂಟ್ರೋಲರಿನೊಳಗೆ ಹಾಡೂ ಇಲ್ಲ, ಹಾಡನ್ನು ನುಡಿಸುವ ಬುದ್ಧಿಯೂ ಇಲ್ಲ. ಎಲ್ಲ ಇರುವುದು ಲ್ಯಾಪ್‌ಟಾಪಿನಲ್ಲಿ. ಪೆಟ್ಟಿಗೆ ಬರಿಯ ಕೈ. ಈ ಸಂಗತಿ ತಿಳಿಯದೆ ಕೊಂಡು ತಂದು, ಮನೆಯಲ್ಲಿ ತಂತಿ ಸಿಕ್ಕಿಸಿ, ‘ಸದ್ದೇ ಬರುವುದಿಲ್ಲ’ ಎಂದು ಅಂಗಡಿಯವನ ಮೇಲೆ ಹರಿಹಾಯುವವರುಂಟು.

ಪೆಟ್ಟಿಗೆ ಆರಿಸುವಾಗ ಮೊದಲು ನೋಡಬೇಕಾದುದು ಮೈಮೇಲಿನ ಬಣ್ಣದ ದೀಪಗಳನ್ನಲ್ಲ, ಹೆಡ್‌ಫೋನಿನ ರಂಧ್ರವನ್ನು. ಒಳಗೆ ‘ಸೌಂಡ್ ಕಾರ್ಡ್’ ಇದ್ದರೆ ಮಾತ್ರ ಸಭೆಗೊಂದು, ಕಿವಿಗೊಂದು ಎಂದು ಎರಡು ಬೇರೆ ಧ್ವನಿಗಳನ್ನು ಪೆಟ್ಟಿಗೆ ಹೊರಡಿಸಬಲ್ಲದು. ಪಯನೀರ್ ಸಂಸ್ಥೆಯ ಎರಡು ಮಾದರಿಗಳೇ ಇದಕ್ಕೆ ನಿದರ್ಶನ. 2018ರ ಡಿ.ಡಿ.ಜೆ.-400ರಲ್ಲಿ ಸೌಂಡ್ ಕಾರ್ಡ್ ಇತ್ತು. 2019ರ ಅಗ್ಗದ ಡಿ.ಡಿ.ಜೆ.-200ರಲ್ಲಿ ಇರಲಿಲ್ಲ, ಬದಲಿಗೆ ಒಂದು ಕವಲು ತಂತಿಯನ್ನು ಜೊತೆಗಿಟ್ಟಿದ್ದರು. ಬೆಲೆಯ ಅಂತರಕ್ಕೆ ಕಾರಣ ಬಹುಮಟ್ಟಿಗೆ ಅಲ್ಲೇ ಇತ್ತು. 400ರ ಸ್ಥಾನಕ್ಕೆ 2022ರ ಕೊನೆಯಲ್ಲಿ ಬಂದ ಎಫ್‌ಎಲ್‌ಎಕ್ಸ್-4 ಒಳ್ಳೆಯ ಪೆಟ್ಟಿಗೆಯೆಂಬುದರಲ್ಲಿ ಸಂದೇಹವಿಲ್ಲ; ಹೊಸದಾದರೆ ಇಪ್ಪತ್ತು ಸಾವಿರದ ಗಡಿ ದಾಟುತ್ತದೆ. ಹರ್ಕ್ಯುಲಿಸ್ ಸಂಸ್ಥೆಯ ಇನ್‌ಪಲ್ಸ್ 200, ನ್ಯೂಮಾರ್ಕ್ ಸಂಸ್ಥೆಯ ಅಂಗೈಯಗಲದ ಡಿಜೆ2ಗೋ2 ಟಚ್ ಇವು ಬಡವನ ಸಂಗಾತಿಗಳು. ಎರಡರಲ್ಲೂ ಹೆಡ್‌ಫೋನಿನ ದಾರಿಯಿದೆ. ಅಂಗೈಯಗಲದ್ದರ ಜಾರುಪಟ್ಟಿ ತೀರ ಗಿಡ್ಡ. ಕೂದಲೆಳೆಯಷ್ಟು ಸರಿಸಿದರೂ ವೇಗ ನೆಗೆಯುತ್ತದೆ. ಸ್ಥಳವೂ ಹಣವೂ ಇದ್ದರೆ ತುಸು ದೊಡ್ಡದನ್ನೇ ಕೊಳ್ಳುವುದು ಮೇಲು.

ತಂತ್ರಾಂಶಕ್ಕೆ ಆರಂಭದಲ್ಲೇ ಹಣ ಸುರಿಯಬೇಕಾಗಿಲ್ಲ. ಪೆಟ್ಟಿಗೆಯೊಡನೆ ಸೆರಾಟೋ ಲೈಟ್‌ನಂಥ ಸಂಕ್ಷಿಪ್ತ ಆವೃತ್ತಿ ಬರುವುದುಂಟು. ಅದೂ ಬೇಡವೆಂದರೆ ‘ಮಿಕ್ಸ್’ (ಮೂರು ಎಕ್ಸ್‌ಗಳ ಮಿಕ್ಸ್) ಎಂಬುದು ಪೂರ್ತಿ ಉಚಿತ; ಸ್ವಯಂಸೇವಕರು ಬೆಳೆಸಿಕೊಂಡು ಬಂದಿರುವ, ಯಾರು ಬೇಕಾದರೂ ಒಳಗಿನ ರಚನೆಯನ್ನು ನೋಡಬಹುದಾದ ತಂತ್ರಾಂಶ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಮಗ ಓದಿಗೆಂದು ಕೊಂಡದ್ದರಲ್ಲಿ 8 ಜಿ.ಬಿ. ಸ್ಮರಣೆಯಿದ್ದರೆ ನಿಶ್ಚಿಂತೆ. ಅಭ್ಯಾಸದ ವೇಳೆಯಲ್ಲಿ ಉಳಿದ ಕಿಟಕಿಗಳನ್ನು ಮುಚ್ಚಿ, ವೈಫೈ ಆರಿಸಿದರೆ ಹಾಡು ತಡವರಿಸುವುದು ಕಡಮೆಯಾಗುತ್ತದೆ.

ಹೆಡ್‌ಫೋನಿನಲ್ಲಿ ಜಿಪುಣತನ ಸಲ್ಲದು. ಅದು ಕಿವಿಯನ್ನು ಪೂರ್ತಿ ಮುಚ್ಚಬೇಕು, ಒಂದು ಬಟ್ಟಲನ್ನು ಹಿಂದಕ್ಕೆ ತಿರುಗಿಸುವಂತಿರಬೇಕು, ತಂತಿಯುಳ್ಳದ್ದಾಗಿರಬೇಕು. ತಂತಿಯಿಲ್ಲದ ಬ್ಲೂಟೂತ್ ಬಗೆಯವು ಎಷ್ಟೇ ಬೆಲೆಯವಾದರೂ ಈ ಕೆಲಸಕ್ಕೆ ನಿರುಪಯೋಗಿ. ಅವುಗಳಲ್ಲಿ ಧ್ವನಿ ಕ್ಷಣದ ಒಂದಂಶ ತಡವಾಗಿ ಬರುತ್ತದೆ. ತಾಳವನ್ನು ಕೂಡಿಸಹೊರಟವನಿಗೆ ಆ ಒಂದಂಶವೇ ಮೃತ್ಯು. ಬ್ಲೂಟೂತ್ ಧ್ವನಿವರ್ಧಕಕ್ಕೂ ಇದೇ ಮಾತು. ಮನೆಯ ಹಳೆಯ ಸ್ಟೀರಿಯೋಗೆ ಕೆಂಪು ಬಿಳಿ ತಂತಿ ಸಿಕ್ಕಿಸುವ ಸ್ಥಳವಿದ್ದರೆ ಅಷ್ಟೇ ಸಾಕು. ದೊಡ್ಡ ಧ್ವನಿವರ್ಧಕಗಳನ್ನು ಕೊಳ್ಳುವುದು ಮೂರ್ಖತನ. ಸಮಾರಂಭ ಬಂದ ದಿನ ಬಾಡಿಗೆಗೆ ತರಬಹುದು, ಇಡಲು ಮನೆಯಲ್ಲಿ ಜಾಗವಾದರೂ ಎಲ್ಲಿದೆ?

ಬಳಸಿದ ಸಾಮಾನಿನಲ್ಲಿ ನಿಜವಾದ ಉಳಿತಾಯವುಂಟು. ಹೊಸತನದ ಹುಮ್ಮಸ್ಸಿನಲ್ಲಿ ಕೊಂಡು ಆರು ತಿಂಗಳಿಗೆ ಬೇಸತ್ತು ಮಾರುವವರು ಕಡಮೆಯೇನಲ್ಲ. ಆದರೆ ಚಿತ್ರ ನೋಡಿ ಹಣ ಕಳಿಸಬಾರದು. ತನ್ನ ಲ್ಯಾಪ್‌ಟಾಪನ್ನೂ ಹೆಡ್‌ಫೋನನ್ನೂ ಕೊಂಡೊಯ್ದು ಅಲ್ಲೇ ಜೋಡಿಸಬೇಕು. ಪ್ರತಿಯೊಂದು ಜಾರುಪಟ್ಟಿಯನ್ನೂ ತುದಿಯಿಂದ ತುದಿಗೆ ಮೆಲ್ಲಗೆ ಸರಿಸಬೇಕು; ಕರಕರ ಸದ್ದು ಬಂದರೆ ಅದು ಸವೆದಿದೆ. ನಡುವಿನ ಅಡ್ಡ ಜಾರುಪಟ್ಟಿಯೇ ಹೆಚ್ಚು ಪೆಟ್ಟು ತಿಂದಿರುತ್ತದೆ. ಯು.ಎಸ್.ಬಿ. ತಂತಿಯನ್ನು ಸಿಕ್ಕಿಸಿ ತುಸು ಅಲುಗಿಸಿದಾಗ ಸಂಪರ್ಕ ಕಡಿದುಹೋದರೆ, ಎಷ್ಟು ಅಗ್ಗವಾದರೂ ನಮಸ್ಕಾರ ಹೇಳಿ ಬರುವುದೇ ಲೇಸು. ಆ ಮಾದರಿಗೆ ಇಂದಿನ ಲ್ಯಾಪ್‌ಟಾಪ್ ಸ್ಪಂದಿಸುತ್ತದೆಯೇ ಎಂಬುದನ್ನೂ ತಯಾರಕರ ಪಟ್ಟಿಯಲ್ಲಿ ಮುಂಚೆಯೇ ನೋಡತಕ್ಕದ್ದು. ಹತ್ತು ವರ್ಷದ ಹಳೆಯ ಪೆಟ್ಟಿಗೆಗಳು ಇಲ್ಲೇ ಮುಗ್ಗರಿಸುತ್ತವೆ.

ಕಿವಿಯ ಮಾತನ್ನು ತಾಯಂದಿರು ಎತ್ತದಿದ್ದರೆ ಇನ್ನಾರು ಎತ್ತಬೇಕು? ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಸಹಿಸಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೂ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬರುವ ಹೊತ್ತಿಗೆ ಉಳಿಯುವುದು ಕೇವಲ 15 ನಿಮಿಷ. ನಶಿಸಿದ ಶ್ರವಣಶಕ್ತಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇನ್ನು ನೆರೆಹೊರೆಯ ಪ್ರಶ್ನೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಸಾಮಾನ್ಯವಾಗಿ ನಿಷಿದ್ಧ. ಹೆಡ್‌ಫೋನಿಗೆ ಹಣ ಹೆಚ್ಚು ಹಾಕಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಬಸವನಗುಡಿಯ ಆ ಇಪ್ಪತ್ತು ಸಾವಿರದ ವಿನಿಯೋಗ ಹೇಗೆ? ತಂದೆ ಮಗ ಕಾಗದದ ಮೇಲೆ ಬರೆದು ನೋಡಿದರು. ಪೆಟ್ಟಿಗೆಗೆ 12,000, ಹೆಡ್‌ಫೋನಿಗೆ 3,000, ತಂತಿ, ಚೀಲಗಳಿಗೆ 1,000. ಉಳಿದ 4,000ವನ್ನು ಮುಟ್ಟಕೂಡದು. ನ್ಯಾಯವಾಗಿ ಹಾಡು ಕೊಳ್ಳುವುದಕ್ಕೆ, ದುರಸ್ತಿಗೆ ಅದು ಮೀಸಲು. ಲೆಕ್ಕ ಮುಗಿದ ಮೇಲೆ ತಂದೆ ಕನ್ನಡಕ ತೆಗೆದು ಕೇಳಿದರು:

“ಅಲ್ಲಯ್ಯ, ನಿನಗೆ ಈ ವಿದ್ಯೆ ಹತ್ತುತ್ತದೆಯೋ ಇಲ್ಲವೋ ತಿಳಿಯುವುದಕ್ಕೆ ಹನ್ನೆರಡು ಸಾವಿರವೇ ಬೇಕೇ?”

ಬೇಕಾಗಿಲ್ಲ. ಉಚಿತ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಕೀಲಿಮಣೆಯಿಂದಲೇ ಎರಡು ಹಾಡುಗಳನ್ನು ನಡೆಸಬಹುದು. ಅದರಲ್ಲಿ ಹೆಡ್‌ಫೋನಿನ ಧ್ವನಿಯನ್ನು ಎರಡಾಗಿ ಸೀಳುವ ಸೌಕರ್ಯವಿದೆ: ಒಂದು ಕಿವಿಗೆ ಸಭೆಯ ಹಾಡು, ಇನ್ನೊಂದಕ್ಕೆ ಮುಂದಿನ ಹಾಡು. ಕವಲು ತಂತಿಯೊಂದನ್ನು ಸೇರಿಸಿದರೆ ಅರ್ಧ ಧ್ವನಿವರ್ಧಕಕ್ಕೆ, ಅರ್ಧ ಕಿವಿಗೆ. ಚಕ್ರ ತಿರುಗಿಸುವ ಸುಖ ಅದರಲ್ಲಿಲ್ಲ, ನಿಜ. ಆದರೆ ಬಡಿತ ಎಣಿಸುವುದು, ಹಾಡಿನ ಯಾವ ತಿರುವಿನಲ್ಲಿ ಯಾವುದನ್ನು ತರಬೇಕೆಂದು ಕಾಯುವುದು, ತಪ್ಪಿದಾಗ ಅಳುಕದೆ ಸರಿಪಡಿಸುವುದು, ಇವೆಲ್ಲ ಅದರಲ್ಲೇ ಬರುತ್ತವೆ.

ಮರುದಿನ ಸಂಜೆ ಮಗ ಎಸ್.ಪಿ. ರಸ್ತೆಯಿಂದ ಹಿಂದಿರುಗಿದಾಗ ಕೈಯಲ್ಲಿದ್ದುದು ಒಂದು ಕವಲು ತಂತಿ ಮಾತ್ರ. ಉಳಿದ ಹಣ ಒಂದು ತಿಂಗಳವರೆಗೆ ತಾಯಿಯ ಬೀರುವಿನಲ್ಲಿ.